ತೊಟ್ಟಿಮನೆಗೆ ಸಿಮೆಂಟ್ ಬೇಡ

ಮಾನ್ಯರೇ,

ಮಲೆನಾಡಿನ ಹಳೆಯ ತೊಟ್ಟಿಮನೆಗಳಲ್ಲಿ ರಾತ್ರಿ ತಂಗುವ ಪ್ರವಾಸಿಗರು ಹೆಚ್ಚಿದ್ದಾರೆ, ಸಂತೋಷ. ಆದರೆ ಅವರಿಗಾಗಿ ಮಾಡುವ ದುರಸ್ತಿಯೇ ಎಷ್ಟೋ ಮನೆಗಳನ್ನು ಹಾಳುಮಾಡುತ್ತಿದೆ.

ಮಣ್ಣಿನ ಗೋಡೆ ಅಡಿಪಾಯದಿಂದ ತೇವ ಹೀರುತ್ತದೆ, ಮೈಯಿಂದ ಹೊರಗೆ ಬಿಡುತ್ತದೆ. ಮೇಲೆ ಸಿಮೆಂಟ್ ಪ್ಲಾಸ್ಟರ್ ಬಳಿದರೆ ಆ ತೇವಕ್ಕೆ ದಾರಿಯಿಲ್ಲ. ಗೋಡೆಯ ಬುಡ ಮೆತ್ತಗಾಗುತ್ತದೆ, ಪ್ಲಾಸ್ಟರ್ ಹಪ್ಪಳದಂತೆ ಎದ್ದು ಬರುತ್ತದೆ, ಗೋಡೆಯೊಳಗಿರುವ ತೊಲೆಯ ತುದಿ ಕೊಳೆತು ಗೆದ್ದಲು ಹಿಡಿಯುತ್ತದೆ. ಹೊರಗಿನಿಂದ ನೋಡಿದರೆ ತೊಲೆ ಗಟ್ಟಿಯಾಗಿಯೇ ಕಾಣುವುದರಿಂದ ಇದು ತಡವಾಗಿ ಗೊತ್ತಾಗುತ್ತದೆ. ಒಂದು ಪಾಲು ಚೆನ್ನಾಗಿ ಅರಳಿಸಿದ ಸುಣ್ಣಕ್ಕೆ ಮೂರು ಪಾಲು ಮರಳು ಬೆರೆಸಿದ ಗಾರೆಯೇ ಇಲ್ಲಿಗೆ ಸರಿ. ಅದನ್ನು ತೆಳುವಾಗಿ, ಎರಡು ಮೂರು ಪದರಗಳಲ್ಲಿ ಹಾಕಬೇಕು. ವಾರದ ಮಟ್ಟಿಗಾದರೂ ನೀರು ಚಿಮುಕಿಸಬೇಕು. ಬೇಗ ಒಣಗಿದರೆ ಬಿರುಕು ಖಂಡಿತ. ಮೇಲೆ ಪ್ಲಾಸ್ಟಿಕ್ ಪೇಂಟ್ ಬಳಿದರೆ ಈ ಶ್ರಮವೆಲ್ಲ ವ್ಯರ್ಥ, ಸುಣ್ಣವನ್ನೇ ಬಳಿಯಿರಿ.

ಪ್ರತಿ ಕೋಣೆಗೂ ಬಚ್ಚಲು ಕೊರೆಯುವುದು ಇನ್ನೂ ದೊಡ್ಡ ತಪ್ಪು. ಹಿತ್ತಿಲಲ್ಲಿ ಪ್ರತ್ಯೇಕವಾಗಿ ಕಟ್ಟಿ, ಹೆಂಚಿನ ಮಾಡಿನ ಓಣಿಯಿಂದ ಮನೆಗೆ ಸೇರಿಸಬಹುದು. ನೀರಿನ ಪೈಪನ್ನು ಗೋಡೆಯೊಳಗೆ ಹೂಳಲೇಬಾರದು. ಗೀಸರ್‌ಗೆ ಬೇರೆಯೇ ವೈರ್ ಎಳೆಯಬೇಕು. ಮರದ ಅಟ್ಟದ ಮೇಲೆ ಹಾದುಹೋದ ಹಳೆಯ ವೈರ್ ಗೀಸರ್ ಎಳೆಯುವಷ್ಟು ವಿದ್ಯುತ್ ತಡೆಯದೆ ಬಿಸಿಯಾಗುತ್ತದೆ.

ಕೇಂದ್ರ ಪ್ರವಾಸೋದ್ಯಮ ಸಚಿವಾಲಯವು ಪಾರಂಪರಿಕ ಹೋಟೆಲ್ ಎಂದು ಗುರುತಿಸಲು 1950ಕ್ಕೂ ಹಿಂದಿನ ಕಟ್ಟಡವನ್ನು ಕೇಳುತ್ತದೆ, ಹೊರಮುಖ ಹೆಚ್ಚೇನೂ ಬದಲಾಗಿರಬಾರದು ಎನ್ನುತ್ತದೆ. ಹೋಂಸ್ಟೇ ನೋಂದಣಿಯ ವೇಳೆ ಹಳೆಯ ಮನೆಗಳ ಗೋಡೆ, ತೊಲೆಗಳನ್ನೂ ಪರಿಶೀಲಿಸುವ ಕ್ರಮವನ್ನು ನಮ್ಮ ಪ್ರವಾಸೋದ್ಯಮ ಇಲಾಖೆ ತರಲಿ.

– ಹಳೆಮನೆ ದುರಸ್ತಿ ಕೆಲಸಗಾರರು, ತೀರ್ಥಹಳ್ಳಿ