ಬೇಕರಿ ತಿಂಡಿಯಲ್ಲಿ ಯಾವ ಕೊಬ್ಬು, ಬೋರ್ಡ್ ಹಾಕಿಸಿ

ಮಾನ್ಯ ಸಂಪಾದಕರೇ,

ನಾನು ತಿಪಟೂರಿನಲ್ಲಿ ಸಣ್ಣ ಬೇಕರಿ ನಡೆಸುವವನು. ನಮ್ಮಂಥ ಬೇಕರಿಗಳ ಬೆಣ್ಣೆ ಬಿಸ್ಕತ್ತಿನಲ್ಲಿ ಬೆಣ್ಣೆ ಇರುವುದು ಅಪರೂಪ. ಹಾಕುವುದು ಮಾರ್ಗರಿನ್, ಅಂದರೆ ಎಣ್ಣೆಯಿಂದ ಮಾಡಿದ ಬೆಣ್ಣೆಯಂಥ ಕೊಬ್ಬು, ಇಲ್ಲವೇ ಡಾಲ್ಡಾ ಥರದ ವನಸ್ಪತಿ. 'ಡಾಲ್ಡಾ ಹಾಕ್ತೀರಾ?' ಅಂತ ಕೆಲವು ಗಿರಾಕಿಗಳು ಕೇಳುತ್ತಾರೆ. 'ಇಲ್ಲ ಸಾರ್, ಮಾರ್ಗರಿನ್' ಅನ್ನುತ್ತಾನೆ ಕೌಂಟರಿನ ಹುಡುಗ. ಅಷ್ಟಕ್ಕೇ ಸಮಾಧಾನವಾಗಿ ಕಾಲು ಕೆ.ಜಿ. ಕಟ್ಟಿಸಿಕೊಂಡು ಹೋಗುತ್ತಾರೆ.

ಬೆಣ್ಣೆ ಹಾಕದಿರಲು ಬೆಲೆ ಒಂದು ಕಾರಣ, ಸೆಕೆ ಇನ್ನೊಂದು. ಪಫ್ಸ್ ಮಾಡಲು ಮೈದಾ ಹಿಟ್ಟಿನ ಮೇಲೆ ಕೊಬ್ಬು ಹರಡಿ, ಮಡಚಿ, ಲಟ್ಟಿಸಿ, ಮತ್ತೆ ಮಡಚಬೇಕು. ಏಪ್ರಿಲ್‌ನಲ್ಲಿ ಬೆಣ್ಣೆಯಾದರೆ ಮೇಜಿನ ಮೇಲೇ ಕರಗಿ ಹಿಟ್ಟಿಗೆ ಇಳಿಯುತ್ತದೆ. ಪದರವೇ ಏಳುವುದಿಲ್ಲ. ಮಾರ್ಗರಿನ್ ಗಟ್ಟಿಯಾಗಿ ನಿಲ್ಲುತ್ತದೆ. ಹಿಂದೆ ಈ ಗಟ್ಟಿತನ ಬರುತ್ತಿದ್ದದ್ದು ಎಣ್ಣೆಗೆ ಹೈಡ್ರೋಜನ್ ಹಾಯಿಸುವುದರಿಂದ. ಆ ಕೆಲಸವನ್ನು ಪೂರ್ತಿ ಮಾಡದೆ ನಡುವೆ ನಿಲ್ಲಿಸಿದಾಗ ಟ್ರಾನ್ಸ್ ಕೊಬ್ಬು ಉಳಿಯುತ್ತದೆ. ಕೆಟ್ಟ ಕೊಲೆಸ್ಟ್ರಾಲ್ ಏರಿಸಿ ಒಳ್ಳೆಯದನ್ನು ಇಳಿಸುವುದು ಅದೇ.

ಸರ್ಕಾರ ಸುಮ್ನೆ ಕೂತಿಲ್ಲ, ಒಪ್ಪಬೇಕು. ಕೊಬ್ಬಿನಲ್ಲಿ ಟ್ರಾನ್ಸ್ ಕೊಬ್ಬಿನ ಪಾಲು ಶೇ 2 ದಾಟಬಾರದು ಅಂತ ಡೆನ್ಮಾರ್ಕ್ 2003ರಲ್ಲೇ ಮಿತಿ ತಂದಿತ್ತು. ನಮ್ಮಲ್ಲಿ ಮೊದಲು ಶೇ 10 ಇತ್ತು, ಆಮೇಲೆ 5 ಆಯಿತು, 2021ರಲ್ಲಿ 3, 2022ರ ಜನವರಿಯಿಂದ 2. ಇದು ತಿಂಡಿಯಲ್ಲಿರುವ ಕೊಬ್ಬಿಗೂ ಅನ್ವಯ. ಒಂದು ಪಫ್ಸ್‌ನಲ್ಲಿ 15 ಗ್ರಾಂ ಕೊಬ್ಬು ಇದೆ ಅಂದುಕೊಳ್ಳಿ. ಹಳೇ ಶೇ 10ರ ಮಿತಿಯಲ್ಲಿ ಒಂದೂವರೆ ಗ್ರಾಂ ತನಕ ಟ್ರಾನ್ಸ್ ಕೊಬ್ಬು ಇರಬಹುದಿತ್ತು. ಈಗ 0.3 ಗ್ರಾಂ ದಾಟುವಂತಿಲ್ಲ. ದಿನಕ್ಕೆ 2.2 ಗ್ರಾಂ ಮೀರಬಾರದು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ವ್ಯತ್ಯಾಸ ಸಣ್ಣದಲ್ಲ, ಅಲ್ವಾ?

ಆದರೆ ಮಾರ್ಗರಿನ್ ಈಗಲೂ ಗಟ್ಟಿಯಾಗಿಯೇ ಬರುತ್ತಿದೆ. ಆ ಗಟ್ಟಿತನ ಹೆಚ್ಚಾಗಿ ತಾಳೆ ಎಣ್ಣೆಯದು. ಅದರಲ್ಲಿ ಹತ್ತಿರ ಹತ್ತಿರ ಅರ್ಧ ಸ್ಯಾಚುರೇಟೆಡ್ ಕೊಬ್ಬು, ಕೆಟ್ಟ ಕೊಲೆಸ್ಟ್ರಾಲನ್ನು ಅದೂ ಏರಿಸುತ್ತದೆ. ಬೆಣ್ಣೆಯಲ್ಲೂ ಅದು ಕಡಿಮೆಯೇನಿಲ್ಲ ಬಿಡಿ. ಬೆಣ್ಣೆ ದೋಸೆ ತಿನ್ನುವವನಿಗೆ ತಾನು ತಿನ್ನುತ್ತಿರುವುದೇನು ಅಂತ ಗೊತ್ತಿರುತ್ತದೆ. ಖಾರಾ ಬಿಸ್ಕತ್ತು, ಕ್ರೀಮ್ ಬನ್ ತಿನ್ನುವವನಿಗೆ ಗೊತ್ತಾಗುವುದು ಹೇಗೆ?

ನನಗೆ ಬರುವ ಮಾರ್ಗರಿನ್ ಪೆಟ್ಟಿಗೆಯ ಮೇಲೆ ಟ್ರಾನ್ಸ್ ಎಷ್ಟು, ಸ್ಯಾಚುರೇಟೆಡ್ ಎಷ್ಟು ಅಂತ ಅಚ್ಚಾಗಿರುತ್ತದೆ. ಬ್ರೆಡ್ಡಿಗೆ ಹಚ್ಚುವ ಸ್ಪ್ರೆಡ್ ಡಬ್ಬಿಯ ಮೇಲೂ ಇರುತ್ತದೆ, ಭೂತಗನ್ನಡಿ ಇದ್ದವರು ಓದಬಹುದು. ನನ್ನ ಪೆಟ್ಟಿಗೆ ಮಾತ್ರ ಒಲೆ ಮನೆಯಿಂದ ನೇರ ಗುಜರಿಗೆ ಹೋಗುತ್ತದೆ. ತಿನ್ನುವವರು ಅದನ್ನು ಕಣ್ಣಲ್ಲೂ ನೋಡಿರುವುದಿಲ್ಲ. ತಪಾಸಣೆಗೆ ಬರುವವರೂ ಲೈಸೆನ್ಸು, ಟೋಪಿ, ಜೇಡರ ಬಲೆ ನೋಡಿ ಹೋಗುತ್ತಾರೆ. ಯಾವ ಕೊಬ್ಬು ಬಳಸ್ತೀರಿ ಅಂತ ನನ್ನನ್ನು ಯಾರೂ ಕೇಳಿಲ್ಲ.

ಮೆನುವಿನಲ್ಲಿ ಕ್ಯಾಲರಿ ಬರೆಯಬೇಕೆಂಬ ನಿಯಮ ಇರುವುದು ಕೇಂದ್ರದ ಲೈಸೆನ್ಸು ಅಥವಾ ಹತ್ತು ಕಡೆ ಅಂಗಡಿ ಇರುವವರಿಗೆ. ನಾವು ಅದರಲ್ಲಿ ಬರುವುದಿಲ್ಲ. ಆದರೆ ಬಿಡಿಯಾಗಿ ಮಾರುವ ಸಿಹಿತಿಂಡಿಗೆ 'ಇಂಥ ದಿನದೊಳಗೆ ತಿಂದರೆ ಒಳ್ಳೆಯದು' ಅಂತ ಚೀಟಿ ಇಡಬೇಕು ಎಂದು 2020ರ ಅಕ್ಟೋಬರ್‌ನಲ್ಲಿ ನಿಯಮ ಬಂತು. ಮೈಸೂರುಪಾಕಿನ ತಟ್ಟೆಗೆ ಚೀಟಿ ಇಡಲು ಆಗುವುದಾದರೆ ಪಫ್ಸ್ ಟ್ರೇಗೆ ಯಾಕಾಗದು? ಬೆಣ್ಣೆ, ಮಾರ್ಗರಿನ್, ವನಸ್ಪತಿ, ತಾಳೆ ಎಣ್ಣೆ, ಇದರಲ್ಲಿ ಯಾವುದು ಅಂತ ಒಂದು ಪದ ಬರೆದರೆ ಸಾಕು. ಬೆಣ್ಣೆ ಇಲ್ಲದ್ದಕ್ಕೆ ಬೆಣ್ಣೆಯ ಹೆಸರೂ ಬೇಡ.

ನೀನೇ ಶುರು ಮಾಡು ಅಂತ ಯಾರಾದರೂ ಹೇಳಬಹುದು. ನಾನೊಬ್ಬನೇ 'ಮಾರ್ಗರಿನ್ ಬಿಸ್ಕತ್ತು' ಅಂತ ಬರೆದರೆ ಗಿರಾಕಿ ಪಕ್ಕದ ಅಂಗಡಿಗೆ ಹೋಗುತ್ತಾನೆ. ಆದ್ದರಿಂದ ಆಹಾರ ಸುರಕ್ಷತಾ ಇಲಾಖೆ ಎಲ್ಲ ಬೇಕರಿಗಳಿಗೂ ಒಂದೇ ದಿನದಿಂದ ಇದನ್ನು ಕಡ್ಡಾಯ ಮಾಡಲಿ. ಬೋರ್ಡು ಕನ್ನಡದಲ್ಲಿರಲಿ, ಅಕ್ಷರ ದೊಡ್ಡದಿರಲಿ.

– ಒಬ್ಬ ಬೇಕರಿ ಮಾಲೀಕ, ತಿಪಟೂರು