ಎಡಗಡೆ ಸ್ಟಿಕ್ ಡ್ರಿಫ್ಟ್, ವಾರಂಟಿ ರಿಜೆಕ್ಟ್ ಮಾಡಿದ್ದರ ಬಗ್ಗೆ ಕೊನೇ ದೂರು

ಸರ್ವಿಸ್ ವಿಭಾಗದವರಿಗೆ,

ನಮಸ್ಕಾರ. ಫೋನಿಗೆ ಸಿಕ್ಕಿಸ್ಕೊಂಡು ಗೇಮ್ ಆಡೋ ನಿಮ್ಮ ಮೊಬೈಲ್ ಕ್ಲಿಪ್ ಕಂಟ್ರೋಲರ್ ಬಗ್ಗೆ ಇಲ್ಲಿವರೆಗೂ ನಾನು ಫೋನಲ್ಲಿ, ಚಾಟಲ್ಲಿ, ಮೇಲಲ್ಲಿ ಹೇಳಿದ್ದೆಲ್ಲ ನಿಮ್ಮ ಟಿಕೆಟ್‌ನಲ್ಲೇ ಇದೆ, ಬಿಲ್ಲು ಸೀರಿಯಲ್ ನಂಬರು ಮತ್ತೆ ಬರೆಯಲ್ಲ, ತೆಗೆದು ನೋಡ್ಕೊಳ್ಳಿ. ನಿನ್ನೆ ನಿಮ್ಮಿಂದ ಬಂದ ಮೇಲಲ್ಲಿ "ಬಳಕೆಯಿಂದ ಆದ ಸವೆತ, ವಾರಂಟಿಗೆ ಒಳಪಡುವುದಿಲ್ಲ" ಅಂತ ಒಂದು ಸಾಲು ಹಾಕಿ ಟಿಕೆಟ್ ಕ್ಲೋಸ್ ಮಾಡಿದ್ದೀರಿ. ಆ ಸಾಲನ್ನ ನಾನು ಒಪ್ಪಲ್ಲ, ಯಾಕೆ ಅಂತ ಹೇಳ್ತೀನಿ, ಈ ಸಲ ಪೂರ್ತಿ ಓದಿ.

ತೊಂದ್ರೆ ಇಷ್ಟೇ, ಡ್ರಿಫ್ಟ್. ಎಡಗಡೆ ಸ್ಟಿಕ್ ಮುಟ್ಟದೇ ಇದ್ರೂ ಆಟದಲ್ಲಿರೋ ಪಾತ್ರ ತಾನೇ ತಾನಾಗಿ ಎಡಕ್ಕೆ ನಡೀತಾ ಹೋಗುತ್ತೆ. ಸೇತುವೆ ಮೇಲೆ ನಿಲ್ಲಿಸಿದ್ರೆ ಬಿದ್ದು ಸಾಯುತ್ತೆ, ಮೆನು ತೆಗೆದ್ರೆ ಕರ್ಸರ್ ಓಡ್ತಾ ಇರುತ್ತೆ. ಸ್ಟಿಕ್ ಎಲ್ಲಿದೆ ಅಂತ ನಂಬರಲ್ಲಿ ತೋರಿಸೋ ಟೆಸ್ಟ್ ಆಪ್‌ನಲ್ಲಿ ನೋಡಿದ್ರೆ ಬಲಗಡೆ ಸ್ಟಿಕ್ ಕೈ ಬಿಟ್ಟಾಗ 0.00ಗೆ, ಅಂದ್ರೆ ಸರಿಯಾಗಿ ಮಧ್ಯಕ್ಕೆ, ಬಂದು ನಿಲ್ಲುತ್ತೆ, ಎಡಗಡೇದು -0.18ರಲ್ಲಿ ಇರುತ್ತೆ, ಅದೂ ಅಲ್ಲೇ ನಿಲ್ಲಲ್ಲ, -0.31ರವರೆಗೂ ಹೋಗಿ ಬರ್ತಾ ಇರುತ್ತೆ. ಕೈ ಮುಟ್ಟಿಲ್ಲ, ಕಂಟ್ರೋಲರ್ ಟೇಬಲ್ ಮೇಲಿದೆ, ನಂಬರು ಮಾತ್ರ ಕುಣೀತಾ ಇದೆ. ಇದರ ವಿಡಿಯೋ ನಿಮ್ಮ ಹತ್ರ ಇದೆ.

ನಿಮ್ಮವರು ಹೇಳಿದ್ದೆಲ್ಲ ಮಾಡಿದ್ದೀನಿ. ಫೋನಿನ ಕೇಸ್ ತೆಗೆದೆ, ಟೈಪ್-ಸಿ ಪಿನ್ ಕ್ಲೀನ್ ಮಾಡ್ದೆ, ಬೇರೆ ಫೋನಿಗೆ ಹಾಕ್ದೆ, ಫರ್ಮ್‌ವೇರ್ ಅಪ್‌ಡೇಟ್ ಮಾಡ್ದೆ, ಸ್ಟಿಕ್ ತಿರುಗಿಸಿ ತಿರುಗಿಸಿ ಕ್ಯಾಲಿಬ್ರೇಶನ್ ಮಾಡ್ದೆ. ಆಮೇಲೆ ಡೆಡ್‌ಝೋನ್, ಅಂದ್ರೆ ಮಧ್ಯದಲ್ಲಿ ಸ್ಟಿಕ್ ಅಲುಗಾಡಿದ್ರೂ ಲೆಕ್ಕಕ್ಕೆ ತಗೊಳ್ಳದ ಜಾಗ, ಜಾಸ್ತಿ ಮಾಡಿ ಅಂದ್ರು. ಆ ಕುಣಿತ ಮುಚ್ಚೋಕೆ ಡೆಡ್‌ಝೋನ್ 35%ಗೆ ಇಡಬೇಕು, ಅಂದ್ರೆ ಸ್ಟಿಕ್ ಓಡಾಡೋ ಜಾಗದಲ್ಲಿ ಮೂರನೇ ಒಂದು ಭಾಗ ಸತ್ತ ಹಾಗೆ. ಮೆತ್ತಗೆ ನಡೀಬೇಕಾದ ಕಡೆ ಪಾತ್ರ ನಿಂತೇ ಇರುತ್ತೆ, ಇನ್ನೊಂಚೂರು ತಳ್ಳಿದ್ರೆ ದಡಕ್ಕಂತ ಹೆಜ್ಜೆ ಹಾಕುತ್ತೆ. ರೇಸಿಂಗ್ ಆಟದಲ್ಲಿ ಸಣ್ಣ ತಿರುವು ತಗೊಳ್ಳೋಕೇ ಆಗಲ್ಲ. ಆ ಸಣ್ಣ ಚಲನೆ ಸಿಗ್ಲಿ ಅಂತಾನೇ ಅಲ್ವಾ ಜನ ಸ್ಕ್ರೀನ್ ಬಿಟ್ಟು ಸ್ಟಿಕ್ ತಗೊಳ್ಳೋದು? ಅದು ರಿಪೇರಿ ಅಲ್ಲ, ತೊಂದ್ರೆ ಕಾಣದ ಹಾಗೆ ಮುಚ್ಚೋದು.

ಈಗ "ಸವೆತ" ಅನ್ನೋ ಮಾತಿಗೆ ಬರ್ತೀನಿ. ನಿಮ್ಮ ಬಾಕ್ಸ್ ಮೇಲೆ ದೊಡ್ಡಕ್ಷರದಲ್ಲಿ ಹಾಲ್ ಎಫೆಕ್ಟ್ ಸ್ಟಿಕ್ ಅಂತ ಇದೆ. ನಾನು ಹೆಚ್ಚು ದುಡ್ಡು ಕೊಟ್ಟು ನಿಮ್ಮದೇ ತಗೊಂಡಿದ್ದು ಆ ಒಂದು ಮಾತಿಗೆ. ಮಾಮೂಲಿ ಸ್ಟಿಕ್ ಒಳಗೆ ಪೊಟೆನ್ಷಿಯೋಮೀಟರ್ ಇರುತ್ತೆ, ಕಾರ್ಬನ್ ಪಟ್ಟಿ ಮೇಲೆ ಲೋಹದ ತುಂಡು ಉಜ್ತಾ ಇರುತ್ತೆ, ಉಜ್ಜಿ ಉಜ್ಜಿ ಆ ಪಟ್ಟಿ ಸವೆದು ಹೋಗುತ್ತೆ, ಡ್ರಿಫ್ಟ್ ಶುರುವಾಗುತ್ತೆ. ಹಾಲ್ ಸ್ಟಿಕ್‌ನಲ್ಲಿ ಅಯಸ್ಕಾಂತ ಅಲುಗಾಡುತ್ತೆ, ಸೆನ್ಸರ್ ಅದನ್ನ ಮುಟ್ಟದೇನೇ ಅಳೆಯುತ್ತೆ. ಹಾಲ್ ಎಫೆಕ್ಟ್ ಕಂಡುಹಿಡಿದಿದ್ದು 1879ರಲ್ಲಿ, 1998ರಲ್ಲಿ ಬಂದ ಸೆಗಾ ಕಂಪನಿಯ ಡ್ರೀಮ್‌ಕಾಸ್ಟ್ ಅನ್ನೋ ಗೇಮ್ ಕನ್ಸೋಲ್‌ನ ಕಂಟ್ರೋಲರ್‌ನಲ್ಲೇ ಇಂಥ ಸ್ಟಿಕ್ ಇತ್ತು, ಹೊಸದಾಗಿ ಕಲೀತಾ ಇರೋ ತಂತ್ರಜ್ಞಾನ ಅಂತ ಹೇಳೋ ಹಾಗೂ ಇಲ್ಲ. ಮುಟ್ಟದೇ ಇರೋ ಸೆನ್ಸರ್ ಸವೆಯೋದು ಹೇಗೆ? ಸ್ಪ್ರಿಂಗ್ ಸಡಿಲ ಆಗಿರಬಹುದು ಅಂತೀರಾ, ಹಾಗಿದ್ರೆ ಸ್ಟಿಕ್ ಓರೆಯಾಗಿ ನಿಲ್ಲಬೇಕು, ಅಲುಗಾಡದೇ ನಿಂತಿರೋ ಸ್ಟಿಕ್‌ನ ನಂಬರು ಕುಣಿಯೋದ್ಯಾಕೆ? ಸವೆದಿದೆ ಅನ್ನೋದು ನಿಜ ಆದ್ರೆ ಒಳಗಿರೋದು ಹಾಲ್ ಅಲ್ಲ, ಬಾಕ್ಸ್ ಮೇಲಿನ ಮಾತು ಸುಳ್ಳು. ಬಾಕ್ಸ್ ಮೇಲಿನ ಮಾತು ನಿಜ ಆದ್ರೆ ಇದು ತಯಾರಿಕೆಯ ದೋಷ, ರಿಜೆಕ್ಟ್ ಮಾಡಿದ್ದು ತಪ್ಪು. ಎರಡರಲ್ಲಿ ಯಾವುದು ಅಂತ ನೀವೇ ಹೇಳಿ. ನಿಮ್ಮ ವಾರಂಟಿ ಕಾರ್ಡಲ್ಲಿ ತಯಾರಿಕೆ ದೋಷಕ್ಕೆ ಏನು ಬರೆದಿದ್ದೀರಿ ಅಂತ ನಾನು ನಿಮಗೆ ಹೇಳ್ಕೊಡಬೇಕಾಗಿಲ್ಲ.

ಇಷ್ಟೇ ಆಗಿದ್ರೆ ಪತ್ರ ಇಲ್ಲಿಗೆ ಮುಗಿಸ್ತಿದ್ದೆ. ಮನಸ್ಸಿಗೆ ಚುಚ್ಚಿದ್ದು ನಿಮ್ಮ ಟೆಕ್ನಿಷಿಯನ್ ಜೊತೆ ಆದ ವಿಡಿಯೋ ಕಾಲ್. "ನೇರವಾಗಿ ತಪಾಸಣೆ ಮಾಡ್ತೀವಿ" ಅಂತ ನೀವೇ ಟೈಮ್ ಕೊಟ್ರಿ, ತುಂಬಾ ಹೊತ್ತು ಕಾಯಿಸಿ ಲೈನಿಗೆ ಬಂದ್ರು. ಕಂಟ್ರೋಲರ್ ತೋರ್ಸಿ ಅಂದ್ರು, ತೋರಿಸ್ದೆ. ಸ್ಟಿಕ್ ಒತ್ತಿ ಅಂದ್ರು, ಒತ್ತಿದೆ. ನಂಬರು ಕುಣಿಯೋದು ತೋರಿಸೋಣ ಅಂತ ಇನ್ನೊಂದು ಫೋನ್ ಕ್ಯಾಮೆರಾ ಹತ್ರ ಹಿಡಿದ್ರೆ "ಅದು ಬೇಡ ಮೇಡಂ, ನೀವು ಹೇಗೆ ಹಿಡ್ಕೊತೀರಾ ತೋರ್ಸಿ" ಅಂದ್ರು. ಹಿಡಿದು ತೋರಿಸ್ದೆ. ಸ್ವಲ್ಪ ಹೊತ್ತು ಸುಮ್ನಿದ್ದು "ಬಲಗೈ ಸರಿಯಾಗಿ ಹಿಡೀರಿ" ಅಂದ್ರು. ನಾನು ಹಿಡಿಯೋದೇ ಹೀಗೆ ಅಂದೆ. "ಕಂಟ್ರೋಲರ್ ಕೆಳಗಿಟ್ಟು ಎರಡೂ ಕೈ ಕ್ಯಾಮೆರಾಗೆ ತೋರ್ಸಿ" ಅಂದ್ರು. ತೋರಿಸ್ದೆ. "ಬೆರಳು ಮಡಚಿ." ಮಡಚಿದೆ. "ಪೂರ್ತಿ ಮಡಚಿ ಮೇಡಂ."

ನನ್ನ ಬಲಗೈಯ ಎರಡು ಬೆರಳು ಪೂರ್ತಿ ಮಡಚೋಕಾಗಲ್ಲ, ಹಳೇ ಪೆಟ್ಟು. ನಾನು ಈ ವಿಷ್ಯ ಯಾವತ್ತೂ ನಿಮಗೆ ಹೇಳಿರಲಿಲ್ಲ, ಹೇಳೋ ಅಗತ್ಯವೂ ಇರಲಿಲ್ಲ. ಟಚ್ ಸ್ಕ್ರೀನ್ ಮೇಲೆ ನಾಲ್ಕು ಬೆರಳು ಊರಿ ಆಡೋಕೆ ನನಗೆ ಆಗಲ್ಲ, ಅದಕ್ಕೇ ಕಂಟ್ರೋಲರ್ ತಗೊಂಡಿದ್ದು. ಟ್ರಿಗರ್ ಬಟನ್ ಬೆರಳಿನ ಕೆಳಗೇ ಇರುತ್ತೆ, ಬೆರಳು ಮಡಚಿ ಸ್ಕ್ರೀನ್ ಮೇಲೆ ತರೋ ಕಷ್ಟ ಇಲ್ಲ. ತಂದ ಮೊದಲ ವಾರ ಅಷ್ಟು ಖುಷಿಯಾಗಿ ಎಷ್ಟು ವರ್ಷದಿಂದ ಆಡಿರಲಿಲ್ಲ ಅಂತ ನನಗೇ ಗೊತ್ತಿಲ್ಲ. ಈ ಬೆರಳಿನ ವಿಷ್ಯಾನ ಆ ಕಾಲ್‌ನಲ್ಲಿ ನಿಮ್ಮ ಟೆಕ್ನಿಷಿಯನ್‌ಗೆ ವಿವರಿಸಬೇಕಾಯ್ತು. ವಿವರಿಸ್ದೆ. ಪಕ್ಕದಲ್ಲಿ ಕೂತಿದ್ದೋರಿಗೆ ಏನೋ ಹೇಳಿದ್ರು, ಅವರೂ ಬಗ್ಗಿ ನನ್ನ ಕೈ ನೋಡಿದ್ರು. ಆಮೇಲೆ "ಹಾಗಾದ್ರೆ ಇದೇ ಕಾರಣ ಮೇಡಂ, ಒತ್ತಡ ಏರುಪೇರಾಗಿ ಬಿದ್ದಿರುತ್ತೆ" ಅಂದ್ರು. ಕೆಟ್ಟಿರೋದು ಎಡಗಡೆ ಸ್ಟಿಕ್ ಸ್ವಾಮಿ ಅಂದೆ. ನನ್ನ ಎಡಗೈಗೆ ಏನೂ ಆಗಿಲ್ಲ, ಎಡಗಡೆ ಸ್ಟಿಕ್ ತಿರುಗಿಸೋದು ಎಡಗೈ ಹೆಬ್ಬೆರಳು, ಬಲಗೈ ಅಲ್ಲಿಗೆ ಬರೋದೇ ಇಲ್ಲ. ಅದಕ್ಕೆ ಉತ್ತರ ಕೊಡಲಿಲ್ಲ. "ರಿಪೋರ್ಟ್ ಹಾಕ್ತೀನಿ" ಅಂತ ಕಾಲ್ ಕಟ್ ಮಾಡಿದ್ರು. ಆ ರಿಪೋರ್ಟ್ ಮೇಲೇ ಅಲ್ವಾ ನಿನ್ನೆಯ ಮೇಲ್ ಬಂದಿದ್ದು?

ಕೈ ನೋಡಿ ವಾರಂಟಿ ಕೊಡಬೇಕಾ ಬೇಡ್ವಾ ಅಂತ ನಿರ್ಧಾರ ಮಾಡೋ ನಿಯಮ ನಿಮ್ಮಲ್ಲಿ ಇದೆಯಾ? ಇದ್ರೆ ಅದನ್ನ ಬಾಕ್ಸ್ ಮೇಲೆ ಪ್ರಿಂಟ್ ಮಾಡಿ, ನನ್ನಂಥೋರು ದುಡ್ಡು ಕೊಡೋಕೆ ಮುಂಚೇನೇ ಓದ್ಕೊತಾರೆ. ಇಲ್ಲ ಅಂದ್ರೆ ನನ್ನ ಬೆರಳು ಮಡಚಿಸಿ ನೋಡೋ ಹಕ್ಕು ನಿಮ್ಮವರಿಗೆ ಯಾರು ಕೊಟ್ಟಿದ್ದು? ಒಂದು ವಸ್ತು ಕೆಟ್ಟಿದ್ರೆ ವಸ್ತು ನೋಡಬೇಕು. ಆ ಇಡೀ ಕಾಲ್‌ನಲ್ಲಿ ನಂಬರು ತೋರಿಸೋ ಸ್ಕ್ರೀನನ್ನ ಒಂದು ಕ್ಷಣಾನೂ ನೋಡಲಿಲ್ಲ, ನನ್ನ ಕೈಯನ್ನ ಮಾತ್ರ ಕಣ್ಣು ಕೀಳದೆ ನೋಡಿದ್ರು. ಆವತ್ತಿಂದ ನಾನು ಆ ಕಂಟ್ರೋಲರ್ ಕೈಗೆ ತಗೊಂಡಾಗೆಲ್ಲ ಅದೇ ನೆನಪಾಗುತ್ತೆ, ಇದಕ್ಕೆ ನಿಮ್ಮ ಹತ್ರ ರೀಪ್ಲೇಸ್‌ಮೆಂಟ್ ಇಲ್ಲ ಅಂತ ಗೊತ್ತು.

ನನಗೆ ಬೇಕಾಗಿರೋದು: ಪೂರ್ತಿ ದುಡ್ಡು ವಾಪಸ್, ಮತ್ತೆ ಆ ಕಾಲ್ ಬಗ್ಗೆ ಲಿಖಿತವಾಗಿ ಕ್ಷಮೆ. ಡಿಸ್ಕೌಂಟ್ ಕೂಪನ್ ಕಳಿಸ್ಬೇಡಿ, ಕಳೆದ ಸಲ ಕಳಿಸಿದ್ದನ್ನೇ ಮುಟ್ಟಿಲ್ಲ.

ಇದಕ್ಕೂ ರೆಡಿಮೇಡ್ ಉತ್ತರ ಬಂದ್ರೆ ನಾನು ಏನು ಮಾಡ್ತೀನಿ ಅಂತಾನೂ ಕೇಳ್ಕೊಳ್ಳಿ. ಗ್ರಾಹಕರ ಕೋರ್ಟಿಗೆ ಹೋಗ್ತೀನಿ, ಬಾಕ್ಸ್ ಮೇಲೆ ಒಂದು ಹೇಳಿ ಒಳಗೆ ಇನ್ನೊಂದು ಇಟ್ಟಿದ್ದೀರಿ ಅನ್ನೋ ದೂರೇ ಹಾಕ್ತೀನಿ, ಆ ಕಾಲ್‌ನ ರೆಕಾರ್ಡಿಂಗ್ ನಿಮ್ಮ ಹತ್ರ ಮಾತ್ರ ಅಲ್ಲ ನನ್ನ ಹತ್ರಾನೂ ಇದೆ, ಅದನ್ನೂ ಕೊಡ್ತೀನಿ. ನೀವು ಎಲ್ಲೆಲ್ಲಿ ಈ ಕಂಟ್ರೋಲರ್ ಮಾರ್ತಾ ಇದ್ದೀರೋ ಅಲ್ಲೆಲ್ಲ ಆ ನಂಬರು ಕುಣಿಯೋ ವಿಡಿಯೋ ಹಾಕ್ತೀನಿ. ಇನ್ನೊಂದು, ಇಷ್ಟು ದಿನ ಸ್ಕ್ರೂ ಮೇಲಿನ ಸೀಲ್ ಒಡೆದ್ರೆ ವಾರಂಟಿ ಹೋಗುತ್ತೆ ಅಂತ ಕಂಟ್ರೋಲರ್ ಬಿಚ್ಚಿರಲಿಲ್ಲ. ವಾರಂಟಿ ಇಲ್ಲ ಅಂತ ನೀವೇ ಬರೆದು ಕೊಟ್ಟಿದ್ದೀರಲ್ಲ, ಇನ್ನು ಆ ಸೀಲ್ ಇಟ್ಕೊಂಡು ನಾನೇನು ಮಾಡ್ಲಿ? ಸೋಮವಾರದವರೆಗೆ ಕಾಯ್ತೀನಿ. ಆಮೇಲೆ ಬಾಕ್ಸನ್ನ ಪಕ್ಕದಲ್ಲೇ ಇಟ್ಕೊಂಡು ಕ್ಯಾಮೆರಾ ಮುಂದೆ ಬಿಚ್ತೀನಿ. ಒಳಗಿರೋದು ಅಯಸ್ಕಾಂತಾನೋ ಕಾರ್ಬನ್ ಪಟ್ಟೀನೋ ಎಲ್ರೂ ನೋಡ್ಲಿ.

ಇಂತಿ,
ನಿಮ್ಮ ಟಿಕೆಟ್‌ನಲ್ಲಿ ಹೆಸರಿರೋ ಗ್ರಾಹಕಿ