ಕ್ಲೋನ್ ಹಸುವಿನ ಲೆಕ್ಕ ನಮ್ಮ ಕೊಟ್ಟಿಗೆಯಲ್ಲಿ ಕೂಡುವುದಿಲ್ಲ

ಮಾನ್ಯ ಸಂಪಾದಕರೇ,

ಹರಿಯಾಣದ ಕರ್ನಾಲಿನ ರಾಷ್ಟ್ರೀಯ ಡೈರಿ ಸಂಶೋಧನಾ ಸಂಸ್ಥೆಯಲ್ಲಿ 2023ರ ಮಾರ್ಚ್‌ನಲ್ಲಿ ಗಂಗಾ ಎಂಬ ಗಿರ್ ತಳಿಯ ಕ್ಲೋನ್ ಕರು (ಒಂದು ಹಸುವಿನ ಜೀವಕೋಶದಿಂದ ಮಾಡಿದ ಅದರದೇ ಪಡಿಯಚ್ಚು) ಹುಟ್ಟಿತಲ್ಲ, ಆಗಿನಿಂದ ನಮ್ಮ ಕಡೆ ಡೈರಿ ಮುಂದೆ ಈ ಮಾತು ಆಗಾಗ ಬರುತ್ತಿದೆ. ಇಪ್ಪತ್ತು ಲೀಟರ್ ಕರೆಯುವ ಹಸುವಿನ ಪಡಿಯಚ್ಚೇ ಇನ್ನೊಂದು ಸಿಕ್ಕರೆ ಸಾಲ ಮಾಡಿಯಾದರೂ ತರಬಹುದು ಅಂತಾರೆ ಕೆಲವರು. ದಯವಿಟ್ಟು ಬೇಡ.

ವಿಜ್ಞಾನಿಗಳ ಕೆಲಸದ ಬಗ್ಗೆ ನನಗೆ ಗೌರವವಿದೆ. ಆದರೆ ಒಂದು ಕ್ಲೋನ್ ಕರುವಿಗೆ ಮೂರು ಹಸು ಬೇಕು: ಜೀವಕೋಶ ಒಂದರದು, ಅಂಡ ಇನ್ನೊಂದರದು, ಹೊರುವ ಗರ್ಭ ಮತ್ತೊಂದರದು. ಗಬ್ಬ ನಿಲ್ಲುವುದು ಕಡಿಮೆ, ನಿಂತರೂ ಹೋಗುವುದೇ ಜಾಸ್ತಿ. ಇದೇ ಸಂಸ್ಥೆಯಲ್ಲಿ 2009ರ ಫೆಬ್ರವರಿಯಲ್ಲಿ ಹುಟ್ಟಿದ ಮೊದಲ ಕ್ಲೋನ್ ಎಮ್ಮೆ ಕರು ಒಂದು ವಾರವೂ ಬದುಕಲಿಲ್ಲ. ಅದೇ ವರ್ಷ ಜೂನ್‌ನಲ್ಲಿ ಹುಟ್ಟಿದ ಇನ್ನೊಂದು ಕ್ಲೋನ್ ಎಮ್ಮೆ ಗರಿಮಾ 2011ರಲ್ಲಿ ತೀರಿಹೋಯಿತು. ಆಮೇಲೆ ಬಂದ ಗರಿಮಾ-2 ಬೆಳೆದು 2013ರಲ್ಲಿ ಕರು ಹಾಕಿತು. ಈ ಸೋಲುಗಳ ಖರ್ಚೆಲ್ಲ ಬದುಕಿದ ಒಂದು ಕರುವಿನ ಬೆಲೆಗೇ ಸೇರುತ್ತದೆ, ಅಲ್ವಾ?

ಹಾಲು ಸುರಕ್ಷಿತವೇ ಎಂಬುದು ನನ್ನ ತಕರಾರಲ್ಲ. ಕ್ಲೋನ್ ಹಸುವಿನ ಹಾಲು ಬೇರೆ ಹಾಲಿನಂತೆಯೇ ಅಂತ ಅಮೆರಿಕದ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2008ರಲ್ಲೇ ಹೇಳಿದೆ. ಆದರೆ ಅಲ್ಲೂ ಕ್ಲೋನ್ ಮಾಡುವುದು ಹೆಚ್ಚಾಗಿ ತಳಿಗಾಗಿ, ದಿನಾ ಕರೆಯಲು ಅಲ್ಲ. ಒಳ್ಳೆಯ ಹೋರಿಯನ್ನು ಕ್ಲೋನ್ ಮಾಡಿದರೆ ಅದರಿಂದ ಸಾವಿರಾರು ವೀರ್ಯ ಕಡ್ಡಿ (ಒಂದು ಸಲಕ್ಕೆ ಬೇಕಾದ ವೀರ್ಯ ತುಂಬಿ ಹೆಪ್ಪುಗಟ್ಟಿಸಿದ ಸಣ್ಣ ಕೊಳವೆ) ಸಿಗುತ್ತವೆ, ಖರ್ಚು ಅಷ್ಟೂ ಕಡ್ಡಿಗಳ ಮೇಲೆ ಹಂಚಿಹೋಗುತ್ತದೆ. ಹೆಸರಘಟ್ಟದಂಥ ವೀರ್ಯ ಕೇಂದ್ರಕ್ಕೆ ಈ ಲೆಕ್ಕ ಕೂಡಬಹುದು. ನಾಲ್ಕು ಹಸು ಕಟ್ಟಿದವನಿಗೆ ಕೂಡುವುದಿಲ್ಲ. ಅವನು ಒಂಬತ್ತು ತಿಂಗಳು ಕಾದು, ಮತ್ತೆ ಎರಡೂವರೆ ವರ್ಷ ಕರು ಸಾಕಿ ಮೊದಲ ಹಾಲು ಕಾಣುವಷ್ಟರಲ್ಲಿ ಪಕ್ಕದವನ ಕೊಟ್ಟಿಗೆಯಲ್ಲಿ ಹೊಸ ಹೋರಿಯ ಕಡಸು ಅದಕ್ಕಿಂತ ಚೆನ್ನಾಗಿ ಕರೆಯುತ್ತಿರಬಹುದು. ಕ್ಲೋನ್ ಮೂಲ ಹಸುವಿನ ತಳಿಗುಣ ದಾಟಿ ಮುಂದೆ ಹೋಗುವುದಿಲ್ಲವಲ್ಲ.

ಇನ್ನೊಂದು ವಿಷಯ. ಹಸುವಿನಿಂದ ಹಸುವಿಗೆ ಹಾಲಿನಲ್ಲಿ ಕಾಣುವ ವ್ಯತ್ಯಾಸದಲ್ಲಿ ತಳಿಗುಣದ ಪಾಲು ಸುಮಾರು ಮೂರನೇ ಒಂದು. ಉಳಿದದ್ದು ಮೇವು, ನೀರು, ಸೆಕೆ, ಕೆಚ್ಚಲು ಬಾವು, ಮತ್ತೆ ಹೊತ್ತಿಗೆ ಸರಿಯಾಗಿ ಗಬ್ಬ ಕಟ್ಟುವುದು.

ಈ ಕೊನೆಯದರಲ್ಲೇ ನಾವು ದುಡ್ಡು ಕಳೆದುಕೊಳ್ಳುತ್ತಿರುವುದು. ಬೆಳಗ್ಗೆ ಬೆದೆಗೆ ಬಂದ ಹಸು ಒಂದೇ ಸಮ ಕೂಗುತ್ತದೆ, ಬಾಲದ ಕೆಳಗೆ ಗಾಜಿನಂತೆ ತಿಳಿ ಲೋಳೆ ಇಳಿಯುತ್ತದೆ. ಸಂಜೆಯೊಳಗೆ ಗಬ್ಬದ ಇಂಜೆಕ್ಷನ್ (ಕೃತಕ ಗರ್ಭಧಾರಣೆ) ಆಗಬೇಕು. ಭಾನುವಾರವಾದರೆ ಫೋನ್ ಎತ್ತುವವರಿಲ್ಲ, ಇಲ್ಲವೇ ಕ್ಯಾನಿನಲ್ಲಿ ವೀರ್ಯ ಕೆಡದಂತೆ ತಣ್ಣಗಿಡುವ ನೈಟ್ರೋಜನ್ ಮುಗಿದಿರುತ್ತದೆ. ಮರುದಿನ ಮಧ್ಯಾಹ್ನ ಯಾರೋ ಬಂದು, ಕಡ್ಡಿಯನ್ನು 37 ಡಿಗ್ರಿ ಬಿಸಿನೀರಿನಲ್ಲಿ ಅರ್ಧ ನಿಮಿಷ ಇಡುವ ಬದಲು ಅಂಗೈಯಲ್ಲೇ ಉಜ್ಜಿ ಹಾಕಿ ಹೋಗುತ್ತಾರೆ. ಗಬ್ಬ ನಿಲ್ಲುವುದಿಲ್ಲ. ಮತ್ತೆ ಬೆದೆಗೆ 21 ದಿನ ಕಾಯಬೇಕು. ಅಷ್ಟೂ ದಿನದ ಬೂಸಾ ಹಿಂಡಿ ಸುಮ್ನೆ ಹೋಯಿತು. ಹೀಗಿರುವಾಗ ಕ್ಲೋನ್ ಹಸು ತಂದು ಕಟ್ಟಿದರೂ ಅದಕ್ಕೂ ಇದೇ ಗತಿ.

ಹೆಣ್ಣು ಕರುವೇ ಬೇಕೆನ್ನುವವರಿಗೆ ಲಿಂಗ ವಿಂಗಡಿಸಿದ ವೀರ್ಯ ಈಗಾಗಲೇ ಇದೆ, ಹತ್ತರಲ್ಲಿ ಸುಮಾರು ಒಂಬತ್ತು ಹೆಣ್ಣೇ ಹುಟ್ಟುತ್ತವೆ. ಅದನ್ನು ಎಲ್ಲ ಹಳ್ಳಿಗೂ ಮುಟ್ಟಿಸಲಿ. ಕ್ಲೋನಿಂಗ್ ಸಂಶೋಧನಾ ಕೇಂದ್ರಗಳಲ್ಲಿ ನಡೆಯಲಿ, ಬೇಡ ಅನ್ನುವುದಿಲ್ಲ. ಪಶುಸಂಗೋಪನಾ ಇಲಾಖೆ ಮಾತ್ರ ಮೊದಲು ಭಾನುವಾರವೂ ಬರುವ ಒಬ್ಬ ತರಬೇತಾದವರನ್ನು ಮತ್ತು ನೈಟ್ರೋಜನ್ ತುಂಬಿದ ಕ್ಯಾನನ್ನು ಪ್ರತಿ ಡೈರಿಗೂ ಕೊಡಲಿ.

– ಒಬ್ಬ ಹೈನುಗಾರ, ಕೋಲಾರ ಜಿಲ್ಲೆ